ನೀನು ಕೇಳ್ಲಿಲ್ವಲ್ಲ

ಎರಡನೇ ಪಿಯುಸಿ ಓದುತ್ತಿದ್ದ ವರ್ಷ, 2005ರ ಕೊನೆಯಲ್ಲಿ, ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಗೆ ನಾನೂ ನನ್ನ ಗೆಳೆಯನೂ ಶನಿವಾರ ಶನಿವಾರ ಹೋಗುತ್ತಿದ್ದೆವು. ಅರ್ಧ ಗಂಟೆಗೆ ಹತ್ತು ರೂಪಾಯಿ. ಮನೆಯಲ್ಲಿ ಹೇಳಿದ್ದು ಪ್ರಶ್ನೆಪತ್ರಿಕೆ ಡೌನ್‌ಲೋಡ್ ಮಾಡಬೇಕು ಅಂತ. ಆಡುತ್ತಿದ್ದದ್ದು ರೂನ್‌ಸ್ಕೇಪ್.

ಇಂಗ್ಲೆಂಡಿನ ಗೋವರ್ ಸಹೋದರರು 2001ರಲ್ಲಿ ಶುರು ಮಾಡಿದ ಆಟ ಅದು. ಬ್ರೌಸರಿನಲ್ಲೇ ಓಡುತ್ತಿತ್ತು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ, ಪುಕ್ಕಟೆಯಾಗಿ ಆಡುವುದಕ್ಕೇ ಬೇಕಾದಷ್ಟಿತ್ತು. ಒಂದು ಕೋಟೆಯ ಊರಿನಲ್ಲಿ ನಿಮ್ಮನ್ನು ಇಳಿಸಿ ಬಿಟ್ಟುಬಿಡುತ್ತದೆ. ಅಡುಗೆಮನೆಯ ಬಾಣಸಿಗನಿಗೆ ಮೊಟ್ಟೆ, ಹಾಲು, ಹಿಟ್ಟು ಬೇಕು. ಚರ್ಚಿನ ಪಾದ್ರಿಗೆ ಸ್ಮಶಾನದ ದೆವ್ವದ ಕಾಟ. ಇಂಥ ಕೆಲಸಗಳಿಗೆ ಕ್ವೆಸ್ಟ್ ಅನ್ನುತ್ತಾರೆ. ಕ್ವೆಸ್ಟು ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ನಕ್ಷೆಯಲ್ಲಿ ಒಂದು ಗುರುತು ಇರುತ್ತಿತ್ತು, ಅಷ್ಟೇ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂದು ತೋರಿಸುವ ಬಾಣವಿಲ್ಲ. ಹಿಟ್ಟು ಬೇಕಾದರೆ ಗೋಧಿ ಹೊಲ ಹುಡುಕಬೇಕು, ಬೀಸುವ ಗಿರಣಿ ಹುಡುಕಬೇಕು.

ಪುಕ್ಕಟೆ ಆಡುವವರಿಗೆ ಎಲ್ಲಕ್ಕಿಂತ ದೊಡ್ಡ ಕ್ವೆಸ್ಟು ಡ್ರ್ಯಾಗನ್ ಸ್ಲೇಯರ್. ಡ್ರ್ಯಾಗನ್ ಇರುವ ದ್ವೀಪಕ್ಕೆ ಹೋಗುವ ನಕ್ಷೆ ಮೂರು ತುಂಡಾಗಿದೆ. ಅದರಲ್ಲೊಂದು ತುಂಡು, ಕುಳ್ಳರ ಗಣಿಯ ಒಳಗಿನ ಮಾಯದ ಬಾಗಿಲ ಹಿಂದೆ. ಆ ಬಾಗಿಲು ತೆರೆಯಲು ಯಾವ ನಾಲ್ಕು ವಸ್ತುಗಳು ಬೇಕು ಎಂಬುದನ್ನು ಹಿಮದ ಬೆಟ್ಟದ ಮೇಲಿರುವ ಕಣಿ ಹೇಳುವವಳು ಒಗಟಿನಲ್ಲಿ ಹೇಳುತ್ತಾಳೆ.

ನನ್ನ ಗೆಳೆಯನ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಒಗಟಿನಲ್ಲಿ ಹುಳದ ನೂಲು ಬಟ್ಟೆಯಾದದ್ದು ಎಂಬರ್ಥದ ಮಾತು ಬಂದ ಕೂಡಲೇ ಅವನು ನಕ್ಕುಬಿಟ್ಟ. 'ಲೋ, ಇದು ನಮ್ಮನೇದೇ ಕಣೋ.' ಇನ್ನೊಂದು, ಬೆಂಕಿ ಕಾಣದ ಬಟ್ಟಲು. ಅಂದರೆ ಕುಂಬಾರನ ಚಕ್ರದಿಂದ ಇಳಿದು ಆವಿಗೆಗೆ ಹೋಗದೆ ಉಳಿದದ್ದು. ಅದೂ ಅವನಿಗೆ ಮರುವಾರ ಹೊಳೆಯಿತು. ಮಾಂತ್ರಿಕರು ಕುಡಿಯುವ ಪೇಯವನ್ನು ಹೆಂಡದಂಗಡಿಗಳನ್ನೆಲ್ಲ ಸುತ್ತಿ, ಮೆನುವಿನ ಹೆಸರು ನೋಡಿಯೇ ಪತ್ತೆ ಹಚ್ಚಿದ. ಉಳಿದದ್ದು ನಾಲ್ಕನೆಯದು, ಚಿಪ್ಪಿನ ಜಲಚರಕ್ಕೆ ಪಂಜರ. ಸಮುದ್ರವನ್ನೇ ನೋಡಿರದ ಹುಡುಗನಿಗೆ ಅದು ತಿಳಿಯಲಿಲ್ಲ.

ಅವನು ಹುಡುಕುತ್ತಿದ್ದ ಕ್ರಮವನ್ನು ಇಲ್ಲಿ ಹೇಳಲೇಬೇಕು. ಕೆಫೆಗೆ ಬಂದು ಯೋಚಿಸುವುದು ಅವನಿಗೆ ಕಟ್ಟುತ್ತಿರಲಿಲ್ಲ. ಬಸ್‌ಚಾರ್ಜು ಬಿಟ್ಟರೆ ವಾರಕ್ಕೆ ಅವನ ಕೈಯಲ್ಲಿ ಉಳಿಯುತ್ತಿದ್ದದ್ದೇ ಹತ್ತು ರೂಪಾಯಿ. ಹಾಗಾಗಿ ವಾರವಿಡೀ ಊರಲ್ಲೇ ಆಡುತ್ತಿದ್ದ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡುವಾಗ, ಬಸ್ಸಿನ ಮೆಟ್ಟಿಲ ಮೇಲೆ ನೇತಾಡುವಾಗ. ಶನಿವಾರ ಬರುವಾಗ ಎರಡೋ ಮೂರೋ ಊಹೆಗಳನ್ನು ಕಟ್ಟಿಕೊಂಡು ಬರುತ್ತಿದ್ದ. ಅರ್ಧ ಗಂಟೆ ಏನಿದ್ದರೂ ಅವನ್ನು ಪರೀಕ್ಷಿಸುವುದಕ್ಕೆ. ಬಿಡುವಿಲ್ಲದವರಿಗೆ, ಕಾಸಿಲ್ಲದವರಿಗೆ ದಾರಿ ತೋರಿಸುವ ಬಾಣ ಬೇಕೇ ಬೇಕು ಎಂಬ ವಾದವನ್ನು ಈಗ ಕೇಳುವಾಗೆಲ್ಲ ನನಗೆ ಆ ಬಸ್ಸಿನ ಮೆಟ್ಟಿಲು ನೆನಪಾಗುತ್ತದೆ. ಕಾಸಿದ್ದ ನಾನು ಬೇರೆ ದಾರಿ ಹಿಡಿದಿದ್ದೆ. ಯಾವುದೋ ಸೈಟಿನಿಂದ ಗೈಡನ್ನು ಪ್ರಿಂಟ್ ತೆಗೆಸಿ, ಫಿಸಿಕ್ಸ್ ನೋಟ್ಸಿನ ನಡುವೆ ಇಟ್ಟುಕೊಂಡಿದ್ದೆ.

ಮೂರು ವಾರ ಅವನ ಒದ್ದಾಟ ನೋಡಿದೆ. ನಾಲ್ಕನೆಯ ಶನಿವಾರ ತಡೆಯಲಾಗಲಿಲ್ಲ. 'ಲಾಬ್‌ಸ್ಟರ್ ಪಾಟ್ ಕಣೋ, ಪೋರ್ಟ್ ಸಾರಿಮ್‌ನಲ್ಲಿ ಮೀನಿನಂಗಡೀಲಿ ಸಿಗುತ್ತೆ' ಅಂದೆ. ಅವನು ತಿರುಗಿ ನನ್ನನ್ನೇ ನೋಡಿದ. 'ನಾನು ಕೇಳಿದ್ನಾ?' ಅಂದ. ಇನ್ನೂ ಹತ್ತು ನಿಮಿಷ ಬಾಕಿ ಇರುವಾಗಲೇ ಎದ್ದು ಹೊರಟುಹೋದ. ಮುಂದಿನ ವಾರ ಬಂದು, ಪಂಜರ ಕೊಂಡು, ಬಾಗಿಲು ತೆರೆದ. ಆದರೆ ಒಂದು ಕೇಕೆಯಾದರೂ ಹಾಕಲಿಲ್ಲ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞ 1978ರಲ್ಲಿ ಪ್ರಕಟಿಸಿದ 'ದಿ ಗ್ರಾಸ್‌ಹಾಪರ್' ಪುಸ್ತಕದಲ್ಲಿ ಆಟ ಎಂದರೇನು ಎಂದು ವಿವರಿಸುತ್ತಾನೆ. ಅವನ ಪ್ರಕಾರ, ಇರಲೇಬೇಕಾದ ಅಗತ್ಯವಿಲ್ಲದ ಅಡ್ಡಿಯೊಂದನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದೇ ಆಟ. ನನಗೆ ಇದು ಓದಲು ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಸಿಕ್ಕಾಗ ಮೊದಲು ಅರ್ಥವಾದದ್ದು, ನಾನು ಅವನಿಗೆ ಉತ್ತರ ಕೊಟ್ಟಿರಲಿಲ್ಲ, ಅಡ್ಡಿಯನ್ನು ಕಿತ್ತುಕೊಂಡಿದ್ದೆ ಎಂದು. ಕಿತ್ತುಕೊಂಡದ್ದನ್ನು ಹಿಂದಿರುಗಿಸುವ ದಾರಿಯೂ ಇಲ್ಲ. ದುಡ್ಡಾದರೆ ವಾಪಸು ಕೊಡಬಹುದು, ತಿಳಿದದ್ದನ್ನು ತಿಳಿಯದ ಹಾಗೆ ಮಾಡಲು ಬರುವುದಿಲ್ಲ.

2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಕೆಲಸ ಕೊಡುವವರ ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೊಳೆಯುತ್ತಿತ್ತು. ಆದರೂ ಮ್ಯಾನ್‌ಕ್ರಿಕ್ ಎಂಬುವನ ಕಾಣೆಯಾದ ಹೆಂಡತಿಯನ್ನು ಹುಡುಕಲಾಗದೆ ಆಟಗಾರರು ಪರಸ್ಪರ ಕೇಳಿ ಕೇಳಿ, ಆ ಪ್ರಶ್ನೆಯೇ ಒಂದು ತಮಾಷೆಯಾಗಿ ಉಳಿಯಿತು. 2009ರ ಕೊನೆಯಲ್ಲಿ ನಕ್ಷೆಯ ಮೇಲೇ ಜಾಗ ತೋರಿಸುವ ವ್ಯವಸ್ಥೆ ಬಂತು. ಆಮೇಲೆ ಯಾರು ಯಾರನ್ನು ಕೇಳಬೇಕು? ಆಟಗಾರ ಅಂಚೆಯವನಾದ ಎನ್ನೋಣವೆಂದರೆ, ಅಂಚೆಯವನಿಗಾದರೂ ವಿಳಾಸ ಓದುವ ಕೆಲಸವಿದೆ.

ನನ್ನ ಲೇಖನ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೇಳಬಾರದಿತ್ತು, ಹೇಳಿದೆ, ಪಾಠ ಕಲಿತೆ ಎನ್ನಬಹುದಿತ್ತು. ಕಲಿತ ಆ ಪಾಠವೇ ಮುಂದೆ ಮುಳುವಾಯಿತು.

2006ರ ಸಿಇಟಿಯಲ್ಲಿ ಅವನ ರ್‍ಯಾಂಕು ನನ್ನದಕ್ಕಿಂತ ಮುಂದಿತ್ತು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದರಿಂದ ಗ್ರಾಮೀಣ ಮೀಸಲಾತಿಯೂ ಅವನಿಗಿತ್ತು. ಅದಕ್ಕೆ ಗೊತ್ತಾದ ನಮೂನೆಯಲ್ಲೇ ಒಂದು ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಶಿಕ್ಷಣಾಧಿಕಾರಿಗಳ ಮೇಲುಸಹಿ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಪ್ಪ ಹೈಸ್ಕೂಲು ಮೇಷ್ಟ್ರು, ಆ ಫಾರಂಗಳು ಪ್ರತಿ ಬೇಸಿಗೆಯಲ್ಲಿ ನಮ್ಮ ಊಟದ ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಗೆಳೆಯ ಮಾರ್ಕ್ಸ್ ಕಾರ್ಡು, ಟಿಸಿ ಇಟ್ಟುಕೊಂಡು ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋದ. ಹಳ್ಳಿ ಶಾಲೆಯ ಹೆಸರು ಟಿಸಿಯಲ್ಲೇ ಇದೆಯಲ್ಲ, ಇನ್ನೇನು ಬೇಕು ಎಂದುಕೊಂಡಿದ್ದನಂತೆ. ಪ್ರಮಾಣಪತ್ರ ಇಲ್ಲದ್ದರಿಂದ ಮೀಸಲಾತಿ ಸಿಗಲಿಲ್ಲ. ಉಳಿದ ಸೀಟುಗಳ ಫೀಸು ಕಟ್ಟುವುದು ಅವನ ಮನೆಯವರಿಗೆ ಆಗದ ಮಾತು. ಬಿಎಸ್ಸಿ ಸೇರಿಕೊಂಡ.

ಸುದ್ದಿ ಹೇಳಲು ಬಂದವನು ಕೇಳಿದ್ದು ಒಂದೇ ಮಾತು. 'ನಿಂಗೆ ಗೊತ್ತಿತ್ತಾ?'

'ನೀನು ಕೇಳ್ಲಿಲ್ವಲ್ಲ' ಅಂದೆ.

ಆ ಉತ್ತರದ ಜೊತೆ ಹತ್ತೊಂಬತ್ತು ವರ್ಷದಿಂದ ಬದುಕುತ್ತಿದ್ದೇನೆ. ಪ್ಲೇಟೋನ 'ಮೆನೋ' ಸಂವಾದದಲ್ಲಿ ಒಂದು ತೊಡಕಿನ ಪ್ರಶ್ನೆ ಬರುತ್ತದೆ: ಏನೆಂದೇ ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಇದನ್ನು ನಾನು ಓದಿ ಅರ್ಥ ಮಾಡಿಕೊಂಡದ್ದಕ್ಕಿಂತ ಹೆಚ್ಚಾಗಿ 1999ರ ಎವರ್‌ಕ್ವೆಸ್ಟ್ ಎಂಬ ಆಟದಿಂದ ತಿಳಿದುಕೊಂಡೆ ಎನ್ನಬೇಕು. ದಾರಿ ತೋರಿಸದ ಆಟಗಳಲ್ಲೇ ಅದು ಕಠೋರವಾದದ್ದು. ಶುರುವಿನ ದಿನಗಳಲ್ಲಿ ಆಟದೊಳಗೆ ನಕ್ಷೆಯೂ ಇರಲಿಲ್ಲ. ಅಲ್ಲಿಯ ಊರಿನವರಿಗೆ ನೀವೇ ಟೈಪ್ ಮಾಡಿ ನಮಸ್ಕಾರ ಹೇಳಬೇಕು. ಅವರು ಉತ್ತರಿಸುವಾಗ ಅವರ ಮಾತಿನ ಒಂದೆರಡು ಪದಗಳು ಚೌಕ ಕಂಸದೊಳಗೆ ಕಾಣುತ್ತವೆ. ಆ ಪದ ಹಿಡಿದು ನೀವು ಮರುಪ್ರಶ್ನೆ ಹಾಕಿದರೆ ಕಥೆ ಮುಂದಕ್ಕೆ, ಇಲ್ಲದಿದ್ದರೆ ಅಲ್ಲಿಗೇ ನಿಂತಿತು. ಅಷ್ಟು ಕಠೋರವಾದ ಆಟವೂ, ಕೇಳಬೇಕಾದರೆ ಮೊದಲು ಒಂದು ಪದ ಕಿವಿಗೆ ಬಿದ್ದಿರಬೇಕು ಎಂಬುದನ್ನು ಒಪ್ಪಿಕೊಂಡಿತ್ತು. ನನ್ನ ಗೆಳೆಯನ ಮನೆಯಲ್ಲಿ 'ಮೇಲುಸಹಿ' ಎಂಬ ಪದವನ್ನು ಯಾರೂ ಆಡಿರಲಿಲ್ಲ. ನಮ್ಮ ಮನೆಯಲ್ಲಿ ಅದು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಇತ್ತು. ಕಣಿ ಹೇಳುವವಳು ಒಗಟಾದರೂ ಹೇಳಿದ್ದಳು. ನಾನು ಅದನ್ನೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಅವನಿಗೆ ಗೊತ್ತಿರುತ್ತದೆ ಅಂದುಕೊಂಡೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಲಾಬ್‌ಸ್ಟರ್ ಪಂಜರದ ಅವಮಾನ ನೆನಪಿತ್ತು, ಕೇಳದೆ ಹೇಳಬಾರದು ಅಂತ ಸುಮ್ಮನಿದ್ದೆ ಎಂದು ಆಮೇಲೆ ಹೇಳಿಕೊಂಡೆ. ಅವನ ರ್‍ಯಾಂಕು ನನಗಿಂತ ಮುಂದಿತ್ತು ಎಂದು ಮೇಲೆ ಬರೆದೆನಲ್ಲ, ಆ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ದಾರಿ ಕಾಣದೆ ಅಲೆಯುವುದರ ಸೊಗಸನ್ನು ಹೊಗಳುವ ಬರಹಗಳು ಈಗ ಸಾಕಷ್ಟಿವೆ. ಅವನ್ನು ಬರೆಯುವವರಲ್ಲಿ ಹೆಚ್ಚಿನವರು ನನ್ನಂಥವರೇ ಇರಬೇಕು, ಬದುಕಿನ ಫಾರಂಗಳನ್ನು ಮನೆಯಲ್ಲಿ ಯಾರೋ ತುಂಬಿಕೊಟ್ಟವರು. ಹಾಗಂತ ಆ ಸೊಗಸು ಸುಳ್ಳಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಅದನ್ನು ಕಂಡವನು ನನ್ನ ಗೆಳೆಯನೇ ಹೊರತು ನಾನಲ್ಲ. ತಾನೇ ಒಪ್ಪಿಕೊಂಡ ಅಡ್ಡಿ, ತನ್ನ ಮೇಲೆ ಬಂದು ಬಿದ್ದ ಅಡ್ಡಿ, ಎರಡನ್ನೂ ಬೇರೆ ಮಾಡಿ ನೋಡುವುದು ಅವನಿಗೆ ಕಷ್ಟವೇ ಆಗಿರಲಿಲ್ಲ. ನನಗಾಯಿತು.

ಅವನೀಗ ಊರಲ್ಲೇ ಇದ್ದಾನೆ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾನೆ, ಎರಡು ಎಕರೆ ಹಿಪ್ಪುನೇರಳೆಯೂ ಇದೆ. ಕಳೆದ ತಿಂಗಳು ಹೋಗಿದ್ದೆ. ಹಳೆಯ ರೂನ್‌ಸ್ಕೇಪನ್ನೇ 2013ರಲ್ಲಿ ಮತ್ತೆ ಬಿಟ್ಟಿದ್ದಾರೆ, ಈಗ ಮೊಬೈಲಿನಲ್ಲೂ ಬರುತ್ತದೆ. ಐದನೇ ತರಗತಿಯ ಮಗಳು ಗೋಡೆಗೊರಗಿ ಕೂತು ಅದನ್ನೇ ಆಡುತ್ತಿದ್ದಳು. ತಲೆಯ ಮೇಲಿನ ಕ್ಯಾಲೆಂಡರಿನಲ್ಲಿ ನವೋದಯ ಅರ್ಜಿಯ ಕೊನೆಯ ದಿನಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿತ್ತು, ಬೇಕಾದ ದಾಖಲೆಗಳ ಹೆಸರನ್ನು ಅಂಚಿನಲ್ಲಿ ಒಂದರ ಕೆಳಗೊಂದು ಬರೆದಿತ್ತು. ಪಕ್ಕದ ಮನೆಯ ಇಬ್ಬರು ಹುಡುಗರ ಹೆಸರೂ ಅಲ್ಲೇ ಇತ್ತು.

'ಅಪ್ಪಾ, ಈ ದೆವ್ವ ಬರೀ ವೂ ವೂ ಅನ್ನುತ್ತೆ, ಏನೂ ಅರ್ಥ ಆಗಲ್ಲ' ಅಂದಳು ಮಗಳು.

ಜೌಗಿನಲ್ಲಿ ಒಬ್ಬ ಮುದುಕ ಪಾದ್ರಿ ಇದ್ದಾನೆ, ಅವನ ಹತ್ತಿರ ಒಂದು ತಾಯಿತವಿದೆ. ನನಗೆ ನೆನಪಿತ್ತು. ಬಾಯಿ ತೆರೆದೆ. ಗೆಳೆಯ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ.