ತಿಳಿದ ಬೆಂಕಿಗೆ ವಿಧಿಯ ಹೆಸರು

ಥಿನ್ನರ್ ಹೊತ್ತಿ ಕೆಲಸಗಾರನೊಬ್ಬ ಸತ್ತರೆ ‘ಅವನ ಹಣೆಬರಹ’ ಎನ್ನುವವರು ನಮ್ಮಲ್ಲಿ ಇದ್ದೇ ಇರುತ್ತಾರೆ. ಆ ಮಾತನ್ನು ಸತ್ತವನ ಮನೆಯವರು ಆಡಿದರೆ ಸಮಾಧಾನ, ಮಾಲೀಕ ಆಡಿದರೆ ನುಣುಚಿಕೊಳ್ಳುವ ದಾರಿ. ಹುಣಸೂರಿನಂಥ ಮರಗೆಲಸದ ಊರಿಗೆ ಬಣ್ಣ ತೆಳುಮಾಡುವ ಈ ದ್ರಾವಕ ಹೊಸದಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವ ಟಾಲ್ಯೂಯೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ; ನಮ್ಮ ಮಾಗಿಯ ಚಳಿಯೂ ಅದಕ್ಕೆ ಸೆಕೆಯೇ. ಗಾಳಿಗಿಂತ ಮೂರು ಪಟ್ಟು ಭಾರವಾದ ಆ ಆವಿ ನೆಲ ಹಿಡಿದು ಹರಿದು, ದೂರದ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಮುಟ್ಟಿ, ಬಂದ ದಾರಿಯಲ್ಲೇ ಜ್ವಾಲೆಯಾಗಿ ಮರಳಬಲ್ಲದು. ಡ್ರಮ್ಮಿನಿಂದ ಸುರಿಯುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತೂ ಕಿಡಿಯಾದೀತು; ಅದಕ್ಕೇ ಅರ್ಥಿಂಗ್ ತಂತಿ ಬೇಕು. ನೀರೆರಚಿದರೆ ದ್ರಾವಕ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ನೊರೆಯಿಂದಲೋ ಒಣಪುಡಿಯಿಂದಲೋ ಆರಿಸಬೇಕು. ಬೆಂಕಿ ಹತ್ತದ ದಿನಗಳಲ್ಲೂ ಅದು ಸುಮ್ಮನಿರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಮಂಪರು. ವರ್ಷಗಟ್ಟಲೆ ಉಸಿರಾಡಿದರೆ ನರಮಂಡಲಕ್ಕೇ ಹಾನಿ. ಅದೇ ಬಳಗದ ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆಂಬುದು ದೃಢಪಟ್ಟಿದೆ. ಇಷ್ಟೆಲ್ಲ ತಿಳಿದಿರುವಾಗ ವಿಧಿಗೆ ಇಲ್ಲಿ ಉಳಿಯುವ ಪಾಲೆಷ್ಟು?

‘ಕೊಲ್ಲುವ ಮನಸ್ಸು ಯಾರಿಗೂ ಇರಲಿಲ್ಲ, ಪಾಪ ಎಲ್ಲಿಂದ ಬಂತು?’ ಎಂಬುದು ಗಟ್ಟಿಯಾದ ಆಕ್ಷೇಪವೇ. ಇದನ್ನು ಆಳವಾಗಿ ಯೋಚಿಸಿದ್ದು ಜೈನರು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ನಿಂತ ಬಾಹುಬಲಿಯ ಪರಂಪರೆ ಅದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಗುರುತಿಸುತ್ತದೆ. ಎಚ್ಚರದಿಂದ ನಡೆದವನ ಕೈಯಲ್ಲಿ ಜೀವ ಹೋದರೂ ಅವನನ್ನು ಅದು ಹಿಂಸಕನೆನ್ನುವುದಿಲ್ಲ; ಹೀಗಾಗಿ ಈ ಮಾನದಂಡ ಕ್ರೂರವೂ ಅಲ್ಲ. ಆದರೆ ಗಾಳಿಯಾಡದ ಶೆಡ್ಡಿನಲ್ಲಿ ಡ್ರಮ್ಮಿನ ಬಾಯಿ ತೆರೆದಿಟ್ಟು ಪಕ್ಕದಲ್ಲೇ ವೆಲ್ಡಿಂಗ್ ಮಾಡಿಸುವವನಿಗೆ ಆ ವಿನಾಯಿತಿ ಇಲ್ಲ. ಸತ್ತವನ ಪೂರ್ವಕರ್ಮ ಎನ್ನೋಣವೇ? ಆ ತರ್ಕ ಒಪ್ಪಿದರೆ ಇರಿದವನೂ ನಿರಪರಾಧಿಯೇ. ಕರ್ಮಸಿದ್ಧಾಂತ ಮಾಡಿದವನ ಲೆಕ್ಕ ಕೇಳುತ್ತದೆ, ಅವನಿಗೆ ರಸೀದಿ ಬರೆದುಕೊಡುವುದಿಲ್ಲ.

ಕೂಲಿಯವನು ಒಪ್ಪಿಯೇ ಬಂದ ಎನ್ನುವವರೂ ಇದ್ದಾರೆ. ಡಬ್ಬಿಯಲ್ಲಿ ಏನಿದೆಯೆಂದು ಹೇಳದೆ ಪಡೆದದ್ದು ಒಪ್ಪಿಗೆಯಲ್ಲ. ಭೋಪಾಲದ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, 1948ರ ಕಾರ್ಖಾನೆಗಳ ಕಾಯ್ದೆ ಅಪಾಯಕಾರಿ ಕಾರ್ಖಾನೆಯ ಮಾಲೀಕ ಅಪಾಯದ ವಿವರವನ್ನು ಕೆಲಸಗಾರರಿಗೂ ಸುತ್ತಲಿನ ಜನರಿಗೂ ತಿಳಿಸಲೇಬೇಕೆಂದಿತು. 2020ರ ನವೆಂಬರ್ 10ರಂದು ಬೆಂಗಳೂರಿನ ಹೊಸಗುಡ್ಡದಹಳ್ಳಿಯಲ್ಲಿ ಜನವಸತಿಯ ನಡುವಿನ ರಾಸಾಯನಿಕ ಗೋದಾಮು ಹೊತ್ತಿ ಉರಿಯಿತು. ಅಕ್ಕಪಕ್ಕದವರು ಯಾವ ಕೂಲಿಗೆ ಒಪ್ಪಿದ್ದರು? ಇಬ್ಬರು ಮೂವರು ದುಡಿಯುವ ಶೆಡ್ಡುಗಳು ಸಾಮಾನ್ಯವಾಗಿ ಆ ಕಾಯ್ದೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ, ನಿಜ. ಎಚ್ಚರದ ಹೊಣೆಗೆ ಮಾತ್ರ ಆಳುಗಳ ಲೆಕ್ಕವಿಲ್ಲ. ಆಯುಧಪೂಜೆಗೆ ಕುಂಬಳಕಾಯಿ ಒಡೆಯುವ ಮಾಲೀಕರು ಅಂದೇ ಗೋಡೆಗೊಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಡ್ರಮ್ಮಿನ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಬರೆಸಲಿ.