ಯುದ್ಧನೌಕೆಯ ನಿರ್ಮಾಣವೂ ನಿರ್ಮಾಪಕನ ಹೊಣೆಯೂ

ಆಯುಧವನ್ನು ಪ್ರಯೋಗಿಸಿದವನ ಪಾಪಪುಣ್ಯಗಳನ್ನು ಕುರಿತು ನಮ್ಮ ಪುರಾಣಗಳೂ ಧರ್ಮಶಾಸ್ತ್ರಗಳೂ ಸಾಕಷ್ಟು ವಿಚಾರ ಮಾಡಿವೆ. ಆದರೆ ಆಯುಧವನ್ನು ನಿರ್ಮಿಸಿದವನ ಪಾಡೇನು? ಕುಲುಮೆಯ ಮುಂದೆ ಬೆವರು ಸುರಿಸಿದವನು ರಣರಂಗದಲ್ಲಿ ಹರಿದ ರಕ್ತಕ್ಕೂ ಭಾಗಿಯೆ? ಈ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಮೀಸಲಾದುದಲ್ಲ. ನಮ್ಮ ರಾಜ್ಯದ ದಕ್ಷಿಣಕ್ಕಿರುವ ಕೊಚ್ಚಿಯಲ್ಲಿ ದೊಡ್ಡದೊಂದು ನೌಕಾ ನಿರ್ಮಾಣ ಕೇಂದ್ರವುಂಟು. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಇಂದು ಮಗ್ಗಿ ಹೇಳುತ್ತಿರುವ ಹುಡುಗನೊಬ್ಬನು ನಾಳೆ ಅಲ್ಲಿ ಬೆಸುಗೆಯ ಕೆಲಸಕ್ಕೆ ನಿಲ್ಲಬಹುದು. ಹುಡುಗಿಯೊಬ್ಬಳು ಹಡಗಿನ ನಕ್ಷೆ ಬರೆಯುವ ಇಂಜಿನಿಯರ್ ಆಗಬಹುದು. ಅಹಿಂಸೆಯ ಪಾಠವನ್ನೂ ದೇಶರಕ್ಷಣೆಯ ಪಾಠವನ್ನೂ ಒಂದೇ ತರಗತಿಯಲ್ಲಿ ಹೇಳಬೇಕಾದ ಅಧ್ಯಾಪಕರಾದ ನಾವು ಆ ಮಕ್ಕಳಿಗೆ ಯಾವ ಉತ್ತರವನ್ನು ಕೊಡತಕ್ಕದ್ದು?

ಮೊದಲು ನಿರ್ಮಾಣದ ಕ್ರಮವನ್ನು ಸ್ವಲ್ಪ ತಿಳಿಯೋಣ. ಕೊಚ್ಚಿಯಲ್ಲಿ ಸಿದ್ಧವಾದ 'ವಿಕ್ರಾಂತ' ನಮ್ಮ ದೇಶದಲ್ಲಿಯೇ ಕಟ್ಟಲಾದ ಮೊದಲನೆಯ ವಿಮಾನವಾಹಕ ನೌಕೆ. ಉದ್ದ 262 ಮೀಟರು, ಅಗಲ 62 ಮೀಟರು. ಇದಕ್ಕೆ ಬೇಕಾದ ವಿಶೇಷ ಬಗೆಯ ಉಕ್ಕನ್ನು ನಮ್ಮ ದೇಶದ ಲೋಹ ವಿಜ್ಞಾನಿಗಳೇ ರೂಪಿಸಿದರು. ನಮ್ಮ ಉಕ್ಕಿನ ಕಾರ್ಖಾನೆಗಳೇ ತಯಾರಿಸಿದವು. ಹಡಗಿನ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಹಾಯುವ ಬೆನ್ನೆಲುಬಿಗೆ ಕೀಲ್ ಎಂದು ಹೆಸರು. 2009ನೆಯ ಇಸವಿ ಫೆಬ್ರವರಿ 28ರಂದು ಕೀಲ್ ಸ್ಥಾಪನೆಯಾಯಿತು. ಇದು ಮನೆಗೆ ಅಸ್ತಿಭಾರವಿಟ್ಟಂತೆ. ಈಗಿನ ಪದ್ಧತಿಯಲ್ಲಿ ಹಡಗಿನ ಒಡಲನ್ನು ದೊಡ್ಡ ದೊಡ್ಡ ಖಂಡಗಳಾಗಿ ಬೇರೆಬೇರೆ ಕಡೆ ರಚಿಸಿ, ಬಳಿಕ ಒಣ ಹಡಗುಕಟ್ಟೆಯಲ್ಲಿ ಒಂದಕ್ಕೊಂದು ಬೆಸೆಯುತ್ತಾರೆ. ಬೆಸುಗೆಯ ಒಳಗೆ ಬಿರುಕೊ ಗುಳ್ಳೆಯೊ ಉಳಿದಿದೆಯೆ ಎಂಬುದನ್ನು ವೈದ್ಯರು ಎಲುಬನ್ನು ಪರೀಕ್ಷಿಸುವಂತೆ ಕ್ಷಕಿರಣಗಳಿಂದ ಪರೀಕ್ಷಿಸುವುದುಂಟು. ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆಯೂ ಕೆಟ್ಟ ಬೆಸುಗೆಯೂ ಹೊರನೋಟಕ್ಕೆ ಒಂದೇ.

2013ರ ಆಗಸ್ಟ್ 12ರಂದು ನೌಕೆಯನ್ನು ನೀರಿಗಿಳಿಸುವ ಸಮಾರಂಭ ನಡೆಯಿತು. ನೀರಿಗಿಳಿದ ಮಾತ್ರಕ್ಕೆ ಹಡಗು ಮುಗಿಯಿತೆಂದು ಭಾವಿಸಬಾರದು. ಯಂತ್ರಗಳು, ಸಾವಿರಾರು ಕಿಲೋಮೀಟರು ತಂತಿಗಳು, ಸುಮಾರು 2,300 ಕೋಣೆಗಳು, ಹದಿನಾರು ನೂರಕ್ಕೂ ಮಿಕ್ಕ ಸಿಬ್ಬಂದಿಗೆ ಅಡಿಗೆಮನೆ, ಆಸ್ಪತ್ರೆ—ಇವೆಲ್ಲ ಮುಗಿದು ಹಡಗು ತನ್ನ ಬಲದಿಂದಲೇ ಕಡಲಿಗೆ ಹೊರಟಾಗ 2021ರ ಆಗಸ್ಟ್ ಬಂದಿತ್ತು. 2022ರ ಜುಲೈ 28ರಂದು ನಿರ್ಮಾಪಕರು ಅದನ್ನು ನೌಕಾಪಡೆಗೆ ಒಪ್ಪಿಸಿದರು. ಸೆಪ್ಟೆಂಬರ್ 2ರಂದು ಅದು ವಿಧಿಪೂರ್ವಕವಾಗಿ ಸೇವೆಗೆ ಸೇರಿತು. ಹದಿಮೂರು ವರ್ಷಗಳಿಗೂ ಮಿಕ್ಕ ಈ ದುಡಿಮೆಯಲ್ಲಿ ಎಷ್ಟೋ ಮಂದಿ ತಮ್ಮ ಯೌವನವನ್ನು ಕಳೆದಿರಬೇಕು.

ಇಲ್ಲಿ ಒಂದು ವಾದವುಂಟು. ನಿರ್ಮಿಸಿದ ವಸ್ತು ಮುಂದೆ ಯಾರ ಕೈ ಸೇರುವುದೋ, ಯಾವ ಕಾರ್ಯಕ್ಕೆ ಒದಗುವುದೋ ನಿರ್ಮಾಪಕನಿಗೆ ತಿಳಿಯದು. ತಿಳಿಯದುದಕ್ಕೆ ಹೊಣೆ ಹೊರಿಸುವುದು ನ್ಯಾಯವಲ್ಲ, ಎಂದು. ಇದೇ 'ವಿಕ್ರಾಂತ' ನಾಮವನ್ನು ಮೊದಲು ಧರಿಸಿದ್ದ ಹಳೆಯ ನೌಕೆಯ ಚರಿತ್ರೆ ಈ ವಾದಕ್ಕೆ ಬಲವಾದ ಆಧಾರ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಂಗ್ಲೆಂಡಿನ ನ್ಯೂಕಾಸಲಿನಲ್ಲಿ 'ಹರ್ಕ್ಯುಲಿಸ್' ಎಂಬ ಹೆಸರಿನಿಂದ ಅದರ ಕೀಲ್ ಸ್ಥಾಪನೆಯಾಯಿತು. 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಮರುವರ್ಷ ಕೆಲಸ ನಿಂತುಹೋಯಿತು. ಹಡಗು ಅರೆಗೆಲಸದಲ್ಲಿಯೇ ಉಳಿಯಿತು. 1957ರಲ್ಲಿ ಭಾರತವು ಅದನ್ನು ಕೊಂಡು ಬೆಲ್‌ಫಾಸ್ಟಿನಲ್ಲಿ ಪೂರ್ತಿಗೊಳಿಸಿತು. 1961ರ ಮಾರ್ಚ್ 4ರಂದು ಅದು ನಮ್ಮ ನೌಕಾಪಡೆಗೆ ಸೇರಿತು. 1971ರ ಡಿಸೆಂಬರಿನಲ್ಲಿ ಅದರಿಂದ ಹಾರಿದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಬಂದರುಗಳ ಮೇಲೆ ದಾಳಿ ಮಾಡಿದವು. ಒಂದು ಸಾಮ್ರಾಜ್ಯದ ಯುದ್ಧಕ್ಕೆಂದು ತೊಡಗಿದ ಹಡಗು, ಆ ಸಾಮ್ರಾಜ್ಯದಿಂದ ಬಿಡುಗಡೆ ಹೊಂದಿದ ದೇಶದ ಯುದ್ಧದಲ್ಲಿ ನಿಂತಿತು. ನ್ಯೂಕಾಸಲಿನ ಕಮ್ಮಾರನು ಇದನ್ನು ಕನಸಿನಲ್ಲಾದರೂ ಕಂಡಿದ್ದನೆ?

ವಾದವು ಸತ್ಯವೇ. ಆದರೆ ಅರ್ಧ ಸತ್ಯ. ವಸ್ತುವಿನ ಮುಂದಿನ ಗತಿ ತಿಳಿಯದಿರಬಹುದು. ವಸ್ತುವಿನ ಇಂದಿನ ಸ್ಥಿತಿ ನಿರ್ಮಾಪಕನಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? ತಿಳಿದೂ ಮೌನವಾಗಿದ್ದರೆ ಏನಾದೀತೆಂಬುದಕ್ಕೆ ಸ್ವೀಡನ್ ದೇಶದ 'ವಾಸಾ' ನೌಕೆಯ ದುರಂತವೇ ಸಾಕ್ಷಿ. ಗುಸ್ತಾವ್ ಅಡಾಲ್ಫ್ ದೊರೆಯ ಅಪ್ಪಣೆಯಂತೆ ಸ್ಟಾಕ್‌ಹೋಮಿನಲ್ಲಿ ಅದರ ನಿರ್ಮಾಣ ನಡೆಯಿತು. ಮುಖ್ಯ ನಿರ್ಮಾಪಕನಾದ ಹೆನ್ರಿಕ್ ಹೈಬರ್ಟ್‌ಸನ್ ಕೆಲಸ ಮುಗಿಯುವ ಮೊದಲೇ, 1627ರಲ್ಲಿ, ತೀರಿಕೊಂಡನು. ಎರಡು ಅಂತಸ್ತುಗಳಲ್ಲಿ ಭಾರವಾದ ಫಿರಂಗಿಗಳನ್ನು ಹೊತ್ತ ಹಡಗಿನ ಮೇಲ್ಭಾಗಕ್ಕೆ ಭಾರ ಹೆಚ್ಚಾಯಿತು. 1628ರಲ್ಲಿ, ಪ್ರಯಾಣಕ್ಕೆ ಮುಂಚೆ, ಮೂವತ್ತು ಮಂದಿಯನ್ನು ಹಡಗಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಓಡಿಸಿ ಸಮತೋಲವನ್ನು ಪರೀಕ್ಷಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವಂತೆ ಹೊಯ್ದಾಡತೊಡಗಿತು. ನೌಕಾಧಿಪತಿಯು ಮಾಡಿದ್ದೇನು? ಪರೀಕ್ಷೆಯನ್ನು ನಿಲ್ಲಿಸಿದನು, ಹಡಗನ್ನು ನಿಲ್ಲಿಸಲಿಲ್ಲ! ದೊರೆ ದೂರದ ಯುದ್ಧಭೂಮಿಯಲ್ಲಿದ್ದು ಅವಸರ ಪಡಿಸುತ್ತಿದ್ದನು. ಆ ವರ್ಷದ ಆಗಸ್ಟ್ 10ರಂದು ಬಂದರಿನಿಂದ ಹೊರಟ ಹಡಗು ಒಂದೂವರೆ ಕಿಲೋಮೀಟರು ಸಹ ಸಾಗದೆ, ಒಂದು ಗಾಳಿಯ ಹೊಡೆತಕ್ಕೆ ವಾಲಿ, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಸುಮಾರು ಮೂವತ್ತು ಜೀವಗಳು ಹೋದವು. ಶತ್ರುವಿನ ಒಂದು ಗುಂಡೂ ತಗಲಿರಲಿಲ್ಲ.

ವಿಚಾರಣೆ ನಡೆಯಿತು. ಒಬ್ಬೊಬ್ಬನೂ ತಾನು ಮೇಲಿನವರು ಹೇಳಿದಂತೆ ಮಾಡಿದೆನೆಂದನು. ಅಳತೆಗಳಿಗೆ ದೊರೆಯ ಒಪ್ಪಿಗೆಯಿತ್ತು. ಹಿರಿಯ ನಿರ್ಮಾಪಕನು ಸತ್ತಿದ್ದನು. ಕಡೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅಪರಾಧವು ಎಲ್ಲರಲ್ಲಿಯೂ ಹಂಚಿಹೋದಾಗ ಅಪರಾಧಿಯೇ ಇಲ್ಲದಂತೆ ಕಾಣುವುದು ಲೋಕದ ವಿಚಿತ್ರ. 1961ರಲ್ಲಿ ಆ ಹಡಗನ್ನು ಸಮುದ್ರತಳದಿಂದ ಮೇಲೆತ್ತಿದರು. ಇಂದು ಅದು ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಈಗಿನ ಹಡಗುಗಳಲ್ಲಿ ಮನುಷ್ಯರನ್ನು ಓಡಿಸುವುದಿಲ್ಲ. ತಿಳಿದ ತೂಕಗಳನ್ನು ಅತ್ತಿಂದಿತ್ತ ಸರಿಸಿ, ಹಡಗು ಎಷ್ಟು ವಾಲಿತೆಂಬುದನ್ನು ಅಳೆದು ಗುರುತ್ವಕೇಂದ್ರವನ್ನು ಲೆಕ್ಕಹಾಕುತ್ತಾರೆ. ಲೆಕ್ಕವು ಸುಧಾರಿಸಿತು. ಆದರೆ ಲೆಕ್ಕದಲ್ಲಿ ಬಂದ ಅಪ್ರಿಯ ಸಂಗತಿಯನ್ನು ಮೇಲಿನವರ ಎದುರಿಗೆ ಹೇಳಲು ಬೇಕಾದ ಧೈರ್ಯವನ್ನು ಯಾವ ಯಂತ್ರವೂ ಕೊಡಲಾರದು.

ಇನ್ನು ಪ್ರಯೋಗದ ಮಾತು. ದಧೀಚಿ ಋಷಿಯ ಎಲುಬಿನಿಂದ ವಜ್ರಾಯುಧವು ನಿರ್ಮಾಣವಾದ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಅದರಿಂದ ವೃತ್ರನನ್ನು ಕೊಂದಾಗ ಬ್ರಹ್ಮಹತ್ಯೆಯು ಬೆನ್ನಟ್ಟಿದುದು ಇಂದ್ರನನ್ನು. ಎಲುಬನ್ನು ಕೊಟ್ಟ ದಧೀಚಿಯನ್ನಲ್ಲ, ಆಯುಧವನ್ನು ರಚಿಸಿದ ವಿಶ್ವಕರ್ಮನನ್ನೂ ಅಲ್ಲ. ಆದರೆ ಭಾಗವತದಲ್ಲಿ ಇನ್ನೊಂದು ಪ್ರಸಂಗವುಂಟು. ಅದಕ್ಕೆ ಮೊದಲು ಇಂದ್ರನು ವಿಶ್ವರೂಪನನ್ನು ಕೊಂದಾಗ ಬಂದ ಪಾಪವನ್ನು ಭೂಮಿ, ಜಲ, ವೃಕ್ಷ, ಸ್ತ್ರೀ ಎಂದು ನಾಲ್ವರಿಗೆ ಹಂಚಿದನಂತೆ. ಒಡೆಯನ ಕೃತ್ಯದ ಭಾರವು ಅವನ ಆಶ್ರಯದಲ್ಲಿರುವವರ ಮೇಲೂ ಬೀಳುವುದೆಂಬುದೇ ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ. ಪ್ರಜಾಪ್ರಭುತ್ವದಲ್ಲಂತೂ ಒಡೆಯರೂ ನಾವೇ, ಆಶ್ರಿತರೂ ನಾವೇ. ಹಡಗಿನ ಉಕ್ಕಿಗೆ ನಮ್ಮ ತೆರಿಗೆಯ ಕಾಸು ಸೇರಿದೆ. ಅದು ಎಂದಾದರೂ ಅನ್ಯಾಯಕ್ಕೆ ಹೊರಟರೆ ಆ ಅನ್ಯಾಯದಲ್ಲಿಯೂ ನಮ್ಮ ಪಾಲು ಸೇರುವುದು.

ಆದುದರಿಂದ ನಮ್ಮ ನಿರ್ಣಯ ಇಷ್ಟು: ಯುದ್ಧನೌಕೆಯನ್ನು ನಿರ್ಮಿಸುವುದು ತಾನಾಗಿ ಕಳಂಕವಲ್ಲ, ಕಾವಲಿಲ್ಲದ ಕಡಲತೀರದಿಂದ ಅಹಿಂಸೆಯು ಬೆಳೆಯಿತೆಂದು ಹೇಳಲಾಗದು. ಹಾಗೆಂದು ಅದು ಕೇವಲ ಕೂಲಿಯ ಕೆಲಸವೂ ಅಲ್ಲ. ಕಳಂಕವಿರುವುದು ಮೌನದಲ್ಲಿ. ದೋಷವನ್ನು ಕಂಡು ಬಣ್ಣ ಬಳಿಯುವ ಕೆಲಸಗಾರನ ಮೌನ, ಪರೀಕ್ಷೆಯನ್ನು ನಿಲ್ಲಿಸುವ ಅಧಿಕಾರಿಯ ಮೌನ, ಹಡಗು ಎತ್ತ ಹೊರಟಿತು, ಏಕೆ ಹೊರಟಿತು ಎಂದು ಕೇಳದ ಪ್ರಜೆಯ ಮೌನ—ಮೂರೂ ಒಂದೇ ಜಾತಿಯವು. ತನ್ನ ಮನಸ್ಸಾಕ್ಷಿ ಒಪ್ಪದೆ ಈ ಕೆಲಸವನ್ನೇ ಒಲ್ಲೆನೆಂದು ಹಿಂದೆ ಸರಿಯುವವನೂ ಮೌನ ಮುರಿದವನೇ; ಅವನನ್ನು ಹೇಡಿಯೆಂದು ಹಳಿಯುವ ಹಕ್ಕು ನಮಗಿಲ್ಲ.

ಇದರಲ್ಲಿ ಅಧ್ಯಾಪಕರ ಪಾಲು ಸಣ್ಣದೇನಲ್ಲ. ಕರಿಹಲಗೆಯ ಮೇಲೆ ನಾವು ಮಾಡಿದ ಲೆಕ್ಕದಲ್ಲಿ ತಪ್ಪನ್ನು ಕಂಡು ಹಿಂದಿನ ಬೆಂಚಿನ ಹುಡುಗನು ಎದ್ದು ನಿಂತರೆ ಅವನನ್ನು ಗದರಿಸಿ ಕೂರಿಸುವೆವೊ, ಮುಂದಕ್ಕೆ ಕರೆದು ಕೈಗೆ ಸೀಮೆಸುಣ್ಣ ಕೊಡುವೆವೊ? ಸತ್ಯವನ್ನು ಹೇಳಿ ಬೈಸಿಕೊಂಡು ಕುಳಿತವನು ಮುಂದೆ ಹಡಗುಕಟ್ಟೆಯಲ್ಲಿ ಬಿರುಕನ್ನು ಕಂಡರೂ ಬಾಯಿ ತೆರೆಯಲಾರನು. ಹಡಗಿನ ಬೆಸುಗೆಯನ್ನು ಪರೀಕ್ಷಿಸುವ ಕಿರಣಗಳು ಬಂದಿವೆ. ಮನಸ್ಸಿನ ಬೆಸುಗೆಯನ್ನು ಪರೀಕ್ಷಿಸುವ ಕಿರಣ ಇನ್ನೂ ಬಂದಿಲ್ಲ. ಅದನ್ನು ಬಣ್ಣ ಬಳಿಯುವ ಮೊದಲೇ, ಎಳವೆಯಲ್ಲಿಯೇ, ಸರಿಯಾಗಿ ಬೆಸೆಯಬೇಕು.