ಮಾಡುವೆನೆಂಬುದೂ ಮಾಡುತ್ತಿರುವುದೂ

ಇಂಗ್ಲಿಷಿನಲ್ಲಿ 'ಗೆಟ್ ಇಂಟು ದ ಹ್ಯಾಬಿಟ್ ಆಫ್' ಎಂಬ ಬಳಕೆಯ ಮಾತೊಂದುಂಟು. ಒಂದು ಕಾರ್ಯವನ್ನು ರೂಢಿ ಮಾಡಿಕೊಳ್ಳುವುದೆಂದು ಅದರ ಅರ್ಥ. ಇದನ್ನು ಬರೆಯುವಾಗ ಕನ್ನಡ ಮಕ್ಕಳು ಅನೇಕ ವೇಳೆ ಎಡವುವರು. ಹ್ಯಾಬಿಟ್ ಶಬ್ದದ ಮುಂದೆ 'ಟು ರೀಡ್' ಎಂದು ಬರೆಯುವರು. 'ಆಫ್ ರೀಡಿಂಗ್' ಎಂಬುದೇ ಸಾಧುರೂಪ. ಕನ್ನಡದ 'ಓದುವ' ಎಂಬ ಕೃದಂತವು ಇಂದಿಗೂ ನಾಳೆಗೂ ಸಲ್ಲುವುದರಿಂದ ಈ ಭೇದವು ನಮ್ಮವರಿಗೆ ಬೇಗನೆ ಕಾಣಿಸದು. 'ಟು ರೀಡ್' ಎಂಬುದು ಮುಂದೆ ಓದಬೇಕೆಂಬ ಸಂಕಲ್ಪಕ್ಕೆ ಒಪ್ಪುವುದು. 'ರೀಡಿಂಗ್' ಎಂಬುದು ನಡೆಯುತ್ತಿರುವ ಓದು. ರೂಢಿಯು ನಡೆಯುವುದಕ್ಕೇ ಹೊರತು ಬರಿಯ ಸಂಕಲ್ಪಕ್ಕಲ್ಲ.

ಈ ಸಣ್ಣ ನಿಯಮದಲ್ಲಿ ಗೃಹಸ್ಥಭಕ್ತರಿಗೆ ದೊಡ್ಡ ಪಾಠವಿದೆ. ಶ್ರಾವಣಮಾಸದ ಪುರಾಣಕ್ಕೆ ಬಂದು, 'ನಾಳೆಯಿಂದ ನಿತ್ಯವೂ ಲಿಂಗಪೂಜೆ ಮಾಡುವೆನು, ತಂಬಾಕನ್ನು ಬಿಡುವೆನು' ಎಂದು ಕೈಮುಗಿಯುವವರು ಹಲವರು. ಪುರಾಣ ಮಂಗಲವಾದ ಮೇಲೆ ಹೊಲದ ಕೆಲಸವೋ ಸಂತೆಯ ಅವಸರವೋ ಅಡ್ಡಬಂದು ಇಷ್ಟಲಿಂಗವು ಕರಡಿಗೆಯಲ್ಲಿಯೇ ಉಳಿಯುವುದು. ಅವರ ಸಂಕಲ್ಪವು ಸುಳ್ಳಲ್ಲ, ಅದು ನಡೆಯಾಗಲಿಲ್ಲ. ಶರಣರಾದರೋ ನುಡಿಯನ್ನು ನಡೆಯಿಂದಲೇ ಅಳೆದರು.

ರೂಢಿ ಶಬ್ದವು ಸಂಸ್ಕೃತದ 'ರುಹ್' ಧಾತುವಿನಿಂದ ಬಂದುದು. ಮೊಳೆತು ಬೆಳೆಯುವುದೆಂದು ಆ ಧಾತುವಿನ ಅರ್ಥ. ತುಕ್ಕಾನಟ್ಟಿ, ಗೋಕಾಕ, ಮೂಡಲಗಿಯ ಸೀಮೆಯಲ್ಲಿ ಘಟಪ್ರಭೆಯ ನೀರಿನಿಂದ ಕಬ್ಬು ಬೆಳೆಯುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬಿನ ತುಂಡನ್ನು ಕೈಯಾರೆ ನೆಟ್ಟು ನೀರುಣಿಸಬೇಕು. ಬೇರು ಗಟ್ಟಿಯಾದ ಬಳಿಕ ಕಡಿದರೂ ಅದು ಕುಳೆಯಾಗಿ ಮತ್ತೆ ಚಿಗುರುವುದು. ಕರಿಕೆಯನ್ನು ಯಾರೂ ನೆಡುವುದಿಲ್ಲ, ತಾನಾಗಿಯೇ ಹಬ್ಬುವುದು. ಇಂಗ್ಲಿಷಿನ ಹ್ಯಾಬಿಟ್ ಶಬ್ದವು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುವುದು. ಕನ್ನಡದ ಜನರಾದರೋ 'ರೂಢಿ ಮಾಡಿಕೊಂಡ' ಎಂದೊಂದನ್ನೂ, 'ಚಟ ಹತ್ತಿತು' ಎಂದಿನ್ನೊಂದನ್ನೂ ಬೇರೆಯಾಗಿ ಹೇಳುವರು. ಮಾಡಿಕೊಳ್ಳುವುದಕ್ಕೆ ಕರ್ತೃ ಬೇಕು. ಹತ್ತುವುದಕ್ಕೆ ಮೈಮರೆವೇ ಸಾಕು.

ಆದುದರಿಂದ ವ್ರತವು ದೊಡ್ಡದೇ ಆಗಿರಬೇಕೆಂದಿಲ್ಲ. ಸ್ನಾನ, ವಿಭೂತಿಧಾರಣ, ಅಂಗೈಯಲ್ಲಿ ಲಿಂಗ, ಸ್ವಲ್ಪ ಹೊತ್ತು ಷಡಕ್ಷರ ಮಂತ್ರದ ಜಪ, ಇಷ್ಟನ್ನು ಗೊತ್ತಾದ ಹೊತ್ತಿಗೆ ದಿನದಿನವೂ ನಡೆಸಿದರೆ ಸಾಕು. ನೆಟ್ಟ ತುಂಡು ಒಂದೆಡೆ ಒಣಗಿತೆಂದು ರೈತನು ಹೊಲವನ್ನೇ ಬಿಡುವನೇ? ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಪೂಜೆಗೆ ಕುಳಿತುಕೊಳ್ಳತಕ್ಕದ್ದು.

ತಂದೆಯು ಪೂಜೆಗೆ ಕುಳಿತುದನ್ನು ನಿತ್ಯವೂ ಕಾಣುವ ಮಗುವಿಗೆ ಬೇರೆ ಬೋಧೆ ಬೇಡ. ತಂದೆಯ ಅಂಗೈಯಲ್ಲಿ ತಂಬಾಕನ್ನು ನಿತ್ಯವೂ ಕಾಣುವ ಮಗುವಿಗೂ ಬೇಡ. ಒಂದೇ ಅಂಗೈ; ಅದರಲ್ಲಿ ಯಾವುದು ನೆಲೆಗೊಳ್ಳಬೇಕೆಂಬುದು ಗೃಹಸ್ಥನ ಕೈಯಲ್ಲಿಯೇ ಇದೆ. ಮಾಡುವೆನೆಂಬ ಮಾತು ಮಾಡುತ್ತಿರುವ ನಡೆಯಾಗಲಿ.